ದಿಬ್ಬ ಕಂಡಿತು, ದುಡಿದವರು?

ವಿಶಾಖಪಟ್ಟಣದಲ್ಲಿ ನಾನು ಕರ್ನಾಟಕದವನು ಅಂದ ಕೂಡಲೇ ಎದುರಿನವರು ಕೆಜಿಎಫ್ ಎನ್ನುತ್ತಾರೆ. ಅವರು ಹೇಳುವುದು ಊರನ್ನಲ್ಲ, ಸಿನಿಮಾವನ್ನು. ಪ್ರಶಾಂತ್ ನೀಲ್ ಅವರ 2018ರ ಆ ಚಿತ್ರದ ಹಲವು ದೃಶ್ಯಗಳನ್ನು ಕೋಲಾರ ಚಿನ್ನದ ಗಣಿಯ ಸೈನೈಡ್ ದಿಬ್ಬಗಳಲ್ಲೇ ತೆಗೆದರು. ಈಗ ಅಲ್ಲಿಗೆ ಫೋಟೊ ತೆಗೆಸಿಕೊಳ್ಳಲು ಹೋಗುವವರಿದ್ದಾರೆ. ‘ಗಣಿ ಪ್ರವಾಸೋದ್ಯಮ’ದ ಮಾತೂ ಆಗಾಗ ಕೇಳಿಬರುತ್ತದೆ.

ಆ ದಿಬ್ಬಗಳು ಬೆಟ್ಟಗಳಲ್ಲ. ಅದಿರನ್ನು ಅರೆದು, ಸೈನೈಡ್ ದ್ರಾವಣದಿಂದ ಚಿನ್ನ ತೆಗೆದ ಮೇಲೆ ಉಳಿದ ಹಿಟ್ಟಿನಂಥ ಮಣ್ಣು ಅದು. 13 ದಿಬ್ಬಗಳಲ್ಲಿ ಸುಮಾರು 3.3 ಕೋಟಿ ಟನ್ ಇದೆ. ಗಾಳಿಗೆ ಏಳುವ ಆ ಧೂಳಿನಲ್ಲಿ ಸಿಲಿಕಾ ಇದೆ. ಶ್ವಾಸಕೋಶವನ್ನು ತಿನ್ನುವ ಸಿಲಿಕೋಸಿಸ್ ಗಣಿಯವರ ಮನೆಗಳಿಗೆ ಹೊಸ ಹೆಸರಲ್ಲ. ತೆರೆಯ ಮೇಲೆ ಧೂಳು ನಾಯಕನ ಹಿಂದಿನ ಪರದೆ. ಕಾಲೊನಿಯಲ್ಲಿ ಅದು ಒಣಗಹಾಕಿದ ಬಟ್ಟೆಯ ಮೇಲೆ ಕೂರುತ್ತದೆ.

ಚಿತ್ರ ಕಟ್ಟುಕಥೆ, ಇತಿಹಾಸ ಹೇಳುತ್ತೇನೆಂದು ಅದು ಮಾತು ಕೊಟ್ಟಿಲ್ಲ. ನನ್ನ ತಕರಾರು ಬೇರೆ. ಅಲ್ಲಿನ ಕಾರ್ಮಿಕರು ಬಿಡಿಸಲು ಬರುವವನಿಗಾಗಿ ಕಾಯುವ ಗುಂಪು ಮಾತ್ರ. ನಿಜವಾದ ಕೆಜಿಎಫ್‌ಗೆ ಆರ್ಕಾಟು, ಚಿತ್ತೂರು ಕಡೆಯಿಂದ ಬಂದವರು ತಮಿಳು, ತೆಲುಗು ಮಾತಾಡುವ, ಬಹುಪಾಲು ದಲಿತ ಕುಟುಂಬಗಳ ಜನ. ನಮ್ಮ ಹಾಗೆ ಕೆಲಸ ಹುಡುಕಿ ಊರು ಬಿಟ್ಟವರು. ಸುಮಾರು 3 ಕಿಲೋಮೀಟರ್ ಆಳಕ್ಕೆ ಇಳಿದವರು. 1930ರಲ್ಲಿ ಬೆರಳಚ್ಚು ಕೊಡಬೇಕೆಂಬ ನಿಯಮದ ವಿರುದ್ಧ ಮುಷ್ಕರ ಹೂಡಿದವರು. ಅವರು ಯಾವ ನಾಯಕನಿಗೂ ಕಾಯುತ್ತ ಕೂತಿರಲಿಲ್ಲ. ಪ್ರವಾಸೋದ್ಯಮವೂ ಸಿನಿಮಾದ ಕಣ್ಣನ್ನೇ ಎರವಲು ಪಡೆದರೆ ದಿಬ್ಬ ಕಾಣುತ್ತದೆ, ಇವರು ಕಾಣುವುದಿಲ್ಲ.

ಹೋಲಿಕೆಗೆ ಇಲ್ಲಿನ ಆರ್‌ಕೆ ಬೀಚಿನ ಕುರ್ಸುರಾ ಜಲಾಂತರ್ಗಾಮಿ ಇದೆ. ನೌಕಾಪಡೆಯಿಂದ ಅದು ನಿವೃತ್ತವಾದದ್ದು 2001ರ ಫೆಬ್ರವರಿ 27ರಂದು. ಮರುದಿನ, 28ಕ್ಕೆ, ಕೆಜಿಎಫ್ ಗಣಿ ಮುಚ್ಚಿತು. ಕುರ್ಸುರಾ 2002ರಲ್ಲೇ ವಸ್ತುಸಂಗ್ರಹಾಲಯವಾಯಿತು. ಒಳಗೆ ವಿವರಿಸುವವರು ನಿವೃತ್ತ ನೌಕಾ ಸಿಬ್ಬಂದಿ. ಅಂಥ ಇಕ್ಕಟ್ಟಿನ ಬದುಕನ್ನು ಬಲ್ಲವರ ಬಾಯಿಂದ ಕೇಳಿದಾಗ ಕಬ್ಬಿಣಕ್ಕೂ ಅರ್ಥ ಬರುತ್ತದೆ.

ಆದರೆ ಮರಳಿಗೆ ಎಳೆದು ತಂದ ಜಲಾಂತರ್ಗಾಮಿಯಷ್ಟು ಸುಲಭವಲ್ಲ ದಿಬ್ಬ. ಅದರ ಕೆಳಗೆ ಜನ ಬದುಕುತ್ತಿದ್ದಾರೆ. ಅಲ್ಲಿ ಮತ್ತೆ ಚಿನ್ನ ತೆಗೆಯಲು 2024ರಲ್ಲಿ ರಾಜ್ಯ ಸರ್ಕಾರ ಒಪ್ಪಿದೆ. ಚಿನ್ನವನ್ನೇ ತೆಗೆಯಲಿ, ಟಿಕೆಟ್ಟನ್ನೇ ಮಾರಲಿ, ಮೊದಲು ಧೂಳಿಗೆ ತಡೆ, ಕಾಲೊನಿಯವರಿಗೆ ಆರೋಗ್ಯ ತಪಾಸಣೆ ಆಗಬೇಕು. ಆಮೇಲೆ, ಬಂದವರಿಗೆ ಕಥೆ ಹೇಳುವ ಸಂಬಳದ ಕೆಲಸ ಗಣಿಗೆ ಇಳಿದವರಿಗೇ ಸಿಗಬೇಕು. ಕೊನೆಯ ಪಾಳಿಯಲ್ಲಿ ದುಡಿದವರಿಗೂ ವಯಸ್ಸಾಗುತ್ತಿದೆ. ಅವರು ಇಲ್ಲವಾದ ಮೇಲೆ ಕೆಜಿಎಫ್ ಎಂದರೆ ಸಿನಿಮಾ ಒಂದೇ ಉಳಿಯುತ್ತದೆ.