ಊರು ಬಿಡದೆ ಓದುವ ಭಾಷಾವಿಜ್ಞಾನ

ಎಂ.ಎ. ಮಾಡುತ್ತಿದ್ದೇನೆ ಎಂದು ರಾಯಚೂರಿನಲ್ಲಿ ಯಾರಾದರೂ ಹೇಳಿದರೆ ವಿಷಯ ಯಾವುದೆಂದು ಕೇಳುವವರು ಕಡಿಮೆ. ‘ರೆಗ್ಯುಲರ್ರೋ ಕರೆಸ್ಪಾಂಡೆನ್ಸೋ?’ ಎಂಬುದೇ ಮೊದಲ ಪ್ರಶ್ನೆ. ಕರೆಸ್ಪಾಂಡೆನ್ಸ್ ಎಂದ ಕೂಡಲೇ ಆ ಓದಿನ ಬೆಲೆ ಅರ್ಧಕ್ಕಿಳಿಯುತ್ತದೆ. ವಿಷಯ ಭಾಷಾವಿಜ್ಞಾನ ಎಂದು ಗೊತ್ತಾದರೆ ಉಳಿದರ್ಧವೂ ಹೋಗುತ್ತದೆ. ‘ಅದನ್ನ ಓದಿ ಏನ್ ಮಾಡ್ತಿ ತಂಗಿ, ಬಿ.ಎಡ್. ಮಾಡ್ಕೋಬಾರ್ದ?’ ಎಂದು ಹಿರಿಯರು ಪ್ರೀತಿಯಿಂದಲೇ ಬುದ್ಧಿ ಹೇಳುತ್ತಾರೆ. ವಿಶ್ವವಿದ್ಯಾಲಯದ ಮಂದಿ ಇದನ್ನೇ ಇನ್ನಷ್ಟು ನಯವಾಗಿ ಹೇಳುತ್ತಾರೆ: ಭಾಷಾವಿಜ್ಞಾನಕ್ಕೆ ತರಗತಿ ಬೇಕು, ಧ್ವನಿ ಪ್ರಯೋಗಾಲಯ ಬೇಕು, ಗ್ರಂಥಾಲಯ ಬೇಕು, ದೂರಶಿಕ್ಷಣ ಅದೆಲ್ಲ ಸಿಗದವರಿಗೆ ಕೊಡುವ ರಿಯಾಯಿತಿ.

ನಾನು ಇದನ್ನು ಒಪ್ಪುವುದಿಲ್ಲ. ಬೇರೆ ವಿಷಯಗಳ ಮಾತು ಹೇಗೋ, ಭಾಷಾವಿಜ್ಞಾನದ ಮಟ್ಟಿಗೆ ಊರಲ್ಲಿದ್ದು, ಕೆಲಸ ಮಾಡುತ್ತ, ತನ್ನ ಬಿಡುವಿಗೆ ತಕ್ಕಂತೆ ಓದುವ ವಿದ್ಯಾರ್ಥಿಯೇ ಸರಿಯಾದ ಜಾಗದಲ್ಲಿದ್ದಾಳೆ. ಕೊರತೆ ಇರುವುದು ಅವಳಲ್ಲಿ ಅಲ್ಲ. ಅವಳಿರುವ ಊರಿನಲ್ಲಿ ಕಲಿಯುವಂಥದ್ದು ಏನೂ ಇಲ್ಲ ಎಂದುಕೊಂಡು ಸಿದ್ಧವಾದ ಪಠ್ಯಕ್ರಮದಲ್ಲಿ.

ದೂರಶಿಕ್ಷಣಕ್ಕೆ ಕೆಟ್ಟ ಹೆಸರು ಬಂದ ಬಗೆಯನ್ನು ಮೊದಲು ನೋಡೋಣ. ಮೈಸೂರು ವಿಶ್ವವಿದ್ಯಾಲಯ 1969ರಲ್ಲಿ ಅಂಚೆ ತೆರಪಿನ ಶಿಕ್ಷಣ ಆರಂಭಿಸಿತು. 1996ರಲ್ಲಿ ಅದೇ ಬೇರಿನಿಂದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಹುಟ್ಟಿತು. ಶಾಲೆಯಲ್ಲಿ ಪಾಠ ಹೇಳುತ್ತಲೇ ಕನ್ನಡ, ಇತಿಹಾಸ, ಅರ್ಥಶಾಸ್ತ್ರಗಳಲ್ಲಿ ಎಂ.ಎ. ಪಡೆದ ಮೇಷ್ಟ್ರುಗಳು ನಮ್ಮ ಜಿಲ್ಲೆಯ ತುಂಬ ಇದ್ದಾರೆ. 2015ರಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) ಮುಕ್ತ ವಿಶ್ವವಿದ್ಯಾಲಯದ ಮಾನ್ಯತೆಯನ್ನು ಹಿಂತೆಗೆದುಕೊಂಡಿತು. ಮರಳಿ ಸಿಕ್ಕಿದ್ದು 2018ರಲ್ಲಿ. ತಕರಾರು ಎದ್ದದ್ದು ರಾಜ್ಯದ ಗಡಿಯಾಚೆ ತೆರೆದ ಕೇಂದ್ರಗಳ ಬಗ್ಗೆ, ಅಲ್ಲಿ ನಡೆಸಿದ ಕೋರ್ಸುಗಳ ಬಗ್ಗೆ. ದೇವದುರ್ಗದಲ್ಲಿ ಕೂತು ರಾತ್ರಿ ಓದಿದವರ ಬಗ್ಗೆ ಅಲ್ಲ. ಆದರೂ ಬೆಲೆ ತೆತ್ತವರು ಅವರೇ. ಮುಂದೆ ಯುಜಿಸಿಯ 2020ರ ನಿಯಮಗಳು ಮಾನ್ಯತೆಯಿರುವ ಸಂಸ್ಥೆಯ ದೂರಶಿಕ್ಷಣ ಪದವಿ ತರಗತಿಗೆ ಹೋಗಿ ಪಡೆದ ಪದವಿಗೆ ಸಮ ಎಂದವು. 2022ರ ಸೆಪ್ಟೆಂಬರಿನಲ್ಲಿ ಆಯೋಗ ಅದನ್ನೇ ಮತ್ತೊಮ್ಮೆ ಸ್ಪಷ್ಟಪಡಿಸಿತು. ಕಾನೂನಿನಲ್ಲಿ ಮುಗಿದುಹೋದ ಜಗಳ ನಮ್ಮ ಸಂದರ್ಶನದ ಕೋಣೆಗಳಲ್ಲಿ ಇನ್ನೂ ಮುಗಿದಿಲ್ಲ.

ಸಂವಿಧಾನದ 371ಜೆ ವಿಧಿ ಬಂತಲ್ಲ, ಸೀಟು ಮೀಸಲಿದೆಯಲ್ಲ, ಹೋಗಿ ಓದಲಿ ಎನ್ನುವವರೂ ಇದ್ದಾರೆ. ಆ ತಿದ್ದುಪಡಿಯಿಂದ ಈ ಭಾಗದ ಮಕ್ಕಳಿಗೆ ಆದ ಉಪಕಾರ ದೊಡ್ಡದು, ಅದನ್ನು ಕಡೆಗಣಿಸುತ್ತಿಲ್ಲ. ಆದರೆ ಸೀಟು ಇರುವುದು ಒಂದು, ಹೋಗಿ ಕೂರಲು ಆಗುವುದು ಇನ್ನೊಂದು. ಭಾಷಾವಿಜ್ಞಾನಕ್ಕೇ ಮೀಸಲಾದ ಸ್ನಾತಕೋತ್ತರ ವಿಭಾಗಗಳು ರಾಜ್ಯದಲ್ಲಿ ವಿರಳ. ಹೆಚ್ಚಿನ ಕಡೆ ಅದು ಕನ್ನಡ ಎಂ.ಎ.ಯೊಳಗಿನ ಒಂದೆರಡು ಪತ್ರಿಕೆ, ಅಷ್ಟೇ. ಮೈಸೂರಿಗೆ ಹೋಗಬೇಕೆಂದರೆ ರಾಯಚೂರಿನಿಂದ ಒಂದು ರಾತ್ರಿಯ ಪ್ರಯಾಣ, ಹೈದರಾಬಾದೇ ಹತ್ತಿರ. ಅತಿಥಿ ಶಿಕ್ಷಕಿಯ ಗೌರವಧನದಲ್ಲಿ ಮನೆ ನಡೆಸುವವಳು, ಅತ್ತೆ-ಮಾವ, ಚಿಕ್ಕ ಮಕ್ಕಳಿರುವವಳು ಎರಡು ವರ್ಷ ಹಾಸ್ಟೆಲಿನಲ್ಲಿ ಇರಲಾರಳು. ಇದು ಎಲ್ಲರಿಗೂ ತಿಳಿದದ್ದೇ, ಬೆಳೆಸುವುದಿಲ್ಲ.

ನನಗೆ ಮುಖ್ಯವಾದದ್ದು ಇದರಾಚೆಗಿದೆ. ಆಕೆ ಹೋಗಲಾರಳು ಎಂಬ ಕಾರಣಕ್ಕಲ್ಲ, ಇಲ್ಲಿ ಇದ್ದಾಳೆ ಎಂಬ ಕಾರಣಕ್ಕೇ ಈ ವಿಷಯವನ್ನು ಅವಳಿಗೆ ಕಲಿಸಬೇಕು.

ಮಾನ್ವಿಯ ಯಾವುದಾದರೂ ಸರ್ಕಾರಿ ಶಾಲೆಯ ಮೂರನೆಯ ತರಗತಿಯ ನೋಟ್‌ಬುಕ್ ತೆರೆಯಿರಿ. ಮಗು ‘ಆನಿ’ ಎಂದು ಬರೆದಿರುತ್ತದೆ, ‘ಮನಿ’, ‘ಕುದುರಿ’, ‘ಎಮ್ಮಿ’ ಎಂದು ಬರೆದಿರುತ್ತದೆ. ಅದೇ ಪುಟದಲ್ಲಿ ‘ಬರ್ತಾನ’, ‘ಹೋಗ್ತಾರ’, ‘ಒಳಗ’, ‘ಮ್ಯಾಲ’ ಎಂದೂ ಇರುತ್ತದೆ. ಎಲ್ಲದರ ಕೆಳಗೂ ಕೆಂಪು ಗೆರೆ. ಮಗುವಿಗೆ ಎಕಾರ ಬರುವುದಿಲ್ಲ ಎಂದು ತೀರ್ಮಾನ. ಆದರೆ ಇನ್ನೊಮ್ಮೆ ನೋಡಿ. ‘ಆನೆ’ಯೂ ‘ಬರ್ತಾನೆ’ಯೂ ಕೊನೆಗೊಳ್ಳುವುದು ಒಂದೇ ಉಲಿಯಲ್ಲಿ. ಮಗು ಒಂದನ್ನು ಇಕಾರಕ್ಕೆ ತಿರುಗಿಸುತ್ತದೆ, ಇನ್ನೊಂದನ್ನು ಅಕಾರಕ್ಕೆ. ಅದು ತಪ್ಪಿಯೂ ‘ಬರ್ತಾನಿ’ ಎನ್ನುವುದಿಲ್ಲ, ‘ಆನ ಬಂತು’ ಎನ್ನುವುದಿಲ್ಲ. ನಾಮಪದಕ್ಕೆ ಒಂದು ದಾರಿ, ಕ್ರಿಯಾಪದದ ಕೊನೆಗೂ ಒಳಗ-ಮ್ಯಾಲ-ಕೆಳಗಗಳಿಗೂ ಇನ್ನೊಂದು ದಾರಿ. ಎಂಟು ವರ್ಷದ ಮಗು ಯಾರೂ ಹೇಳಿಕೊಡದ ಒಂದು ವ್ಯಾಕರಣವನ್ನು ಚಾಚೂ ತಪ್ಪದೆ ಪಾಲಿಸುತ್ತಿದೆ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಹಳಗನ್ನಡದಲ್ಲಿ ‘ಬಂದನ್’, ‘ಬಂದರ್’ ಎಂದು ಕ್ರಿಯಾಪದ ವ್ಯಂಜನದಲ್ಲೇ ಮುಗಿಯುತ್ತಿತ್ತು. ಹಾಗಿದ್ದ ಮೇಲೆ ನಮ್ಮ ‘ಬರ್ತಾನ’ ಎಂಬುದು ‘ಬರ್ತಾನೆ’ ಕೆಟ್ಟು ಆದದ್ದೋ, ಅಥವಾ ವ್ಯಂಜನದ ಕೊನೆಗೆ ತೆಂಕಣವರು ಎಕಾರ ಸೇರಿಸಿಕೊಂಡಾಗ ಬಡಗಣವರು ಅಕಾರ ಸೇರಿಸಿಕೊಂಡರೋ? ಇದು ಮಾನ್ವಿಯಲ್ಲಿ ಕೂತು ಕೇಳಬಹುದಾದ ಪ್ರಶ್ನೆ. ಶಾಸನಗಳ ಸಂಪುಟಗಳನ್ನೂ ತನ್ನ ತರಗತಿಯ ನೋಟ್‌ಬುಕ್ಕುಗಳನ್ನೂ ಪಕ್ಕಪಕ್ಕ ಇಟ್ಟುಕೊಂಡು ಹುಡುಕಬಹುದಾದ ಉತ್ತರ. ಒಂದು ಪೂರ್ತಿ ಪ್ರಬಂಧಕ್ಕೆ ಸಾಕಾಗುವಷ್ಟು ಸರಕು.

ಶಾಲೆಯಿಂದ ಹೊರಬಂದು ಬಸ್ ನಿಲ್ದಾಣದಲ್ಲಿ ನಿಲ್ಲಿ. ‘ನಾಳಿ ಬರ್ತೀನಂತ ಅಂದ’ ಎನ್ನುತ್ತಾನೆ ಒಬ್ಬ. ‘ಕಲ್ ಆತೂಂ ಬೋಲ್ಕೆ ಬೋಲ್ಯಾ’ ಎನ್ನುತ್ತಾನೆ ದಖನಿ ಮಾತಾಡುವ ಹಣ್ಣಿನ ವ್ಯಾಪಾರಿ. ‘ರೇಪು ವಸ್ತಾನನಿ ಅನ್ನಾಡು’ ಎನ್ನುತ್ತಾನೆ ಆಂಧ್ರದ ರೈತರ ಕ್ಯಾಂಪಿನಿಂದ ಬಂದ ತೆಲುಗಿನವ. ದಿಲ್ಲಿಯ ಉರ್ದು ‘ಹೇಳಿದ’ ಎಂಬುದನ್ನು ಮುಂದಿಟ್ಟು ಹೇಳಿದ ಮಾತನ್ನು ಹಿಂದಿಡುತ್ತದೆ. ನಮ್ಮೂರಿನ ದಖನಿ ಹಾಗಲ್ಲ. ಕನ್ನಡದ ‘ಅಂತ’ ಎಲ್ಲಿ ಕೂರುತ್ತದೋ ಅಲ್ಲೇ ಅದು ‘ಬೋಲ್ಕೆ’ಯನ್ನು ಕೂರಿಸುತ್ತದೆ. ಪದಗಳು ಉತ್ತರದವು, ವಾಕ್ಯದ ಕಟ್ಟು ದಕ್ಷಿಣದ್ದು.

ಇಂಥದ್ದನ್ನೇ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಕುಪ್ವಾಡ ಎಂಬ ಊರಿನಲ್ಲಿ ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಗುರುತಿಸಿದರು. ಅಲ್ಲಿಯ ಕನ್ನಡ, ಮರಾಠಿ, ಉರ್ದುಗಳು ತಮ್ಮ ತಮ್ಮ ಪದಗಳನ್ನು ಉಳಿಸಿಕೊಂಡೇ ವ್ಯಾಕರಣದಲ್ಲಿ ಒಂದಕ್ಕೊಂದು ಹತ್ತಿರವಾಗಿದ್ದವು. 1971ರಲ್ಲಿ ಅಚ್ಚಾದ ಅವರ ಲೇಖನ ಇವತ್ತಿಗೂ ಜಗತ್ತಿನಾದ್ಯಂತ ಭಾಷಾವಿಜ್ಞಾನದ ವಿದ್ಯಾರ್ಥಿಗಳಿಗೆ ಪಾಠ. ರಾಯಚೂರು ಕುಪ್ವಾಡಕ್ಕಿಂತ ಯಾವುದರಲ್ಲಿ ಕಡಿಮೆ? ಕೋಟೆಯ ಗೋಡೆಯಲ್ಲಿ 1294ರ ತೆಲುಗು ಶಾಸನ ಹೊತ್ತ ನಲವತ್ತು ಅಡಿಗೂ ಹೆಚ್ಚು ಉದ್ದದ ಕಲ್ಲಿದೆ. ಮಸ್ಕಿಯಲ್ಲಿ ಅಶೋಕನ ಹೆಸರನ್ನೇ ಹೇಳುವ ಪ್ರಾಕೃತ ಶಾಸನವಿದೆ. ಅದು 1915ರಲ್ಲಿ ಕಣ್ಣಿಗೆ ಬಿದ್ದದ್ದು ಚಿನ್ನ ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರನಿಗೆ, ಭಾಷಾಪಂಡಿತನಿಗಲ್ಲ. ನಿಜಾಮರ ಕಾಲ ಮುಗಿಯುವವರೆಗೆ ಕಚೇರಿಯ ಭಾಷೆ ಉರ್ದು. ಕನ್ನಡದಲ್ಲಿ ಗಜಲ್ ಬರೆದ ಮೊದಲಿಗರಲ್ಲಿ ಒಬ್ಬರಾದ ಶಾಂತರಸರು ಈ ಜಿಲ್ಲೆಯವರಾದದ್ದು ಆಕಸ್ಮಿಕವಲ್ಲ. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದಾಗ ಗದ್ವಾಲ, ಆಲಂಪುರ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಗಡಿಯ ಎರಡೂ ಕಡೆ ಇಂದಿಗೂ ಬೀಗತನ ನಡೆಯುತ್ತದೆ. ತುಂಗಭದ್ರೆಯ ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಮಾನ್ವಿ, ಸಿಂಧನೂರುಗಳಲ್ಲಿ ಆಂಧ್ರದ ರೈತರ ಕ್ಯಾಂಪುಗಳೆದ್ದವು. ತಾಂಡಾಗಳಲ್ಲಿ ರಾಜಸ್ಥಾನಿ ನುಡಿಗಳ ಬಳಗದ ಲಂಬಾಣಿ ಇದೆ. ಸಿಂಧನೂರಿನ ಆರ್.ಎಚ್. (ಪುನರ್ವಸತಿ) ಕ್ಯಾಂಪುಗಳಲ್ಲಿ ಬಂಗಾಳಿಯೂ ಇದೆ.

1960ರ ದಶಕದಲ್ಲಿ ಪುಣೆಯ ಡೆಕ್ಕನ್ ಕಾಲೇಜು ಕನ್ನಡದ ಉಪಭಾಷೆಗಳ ಬಗ್ಗೆ ಪುಸ್ತಕ ಹೊರತಂದಾಗ ಗುಲಬರ್ಗಾ ಕನ್ನಡಕ್ಕೆ ಒಂದು ಬಂತು, ಹಾಲಕ್ಕಿ ಕನ್ನಡಕ್ಕೆ ಒಂದು ಬಂತು. ರಾಯಚೂರಿನ ಮಾತಿಗೂ ಅಂಥದ್ದೊಂದು ಬರಬೇಕು. ಅದನ್ನು ಬರೆಯಬಲ್ಲವರು ಹೊರಗಿನಿಂದ ಒಂದು ತಿಂಗಳು ಬಂದು ಹೋಗುವವರಿಗಿಂತ, ಇಲ್ಲೇ ಹುಟ್ಟಿ, ತಾಂಡಾದ ಮಕ್ಕಳಿಗೂ ಕ್ಯಾಂಪಿನ ಮಕ್ಕಳಿಗೂ ಒಂದೇ ಕೋಣೆಯಲ್ಲಿ ಪಾಠ ಹೇಳುವ ಶಿಕ್ಷಕಿ.

ಅವಳ ಕೈಗೆ ನಾವು ಏನು ಕೊಡುತ್ತೇವೆ? ಸ್ವನ, ಸ್ವನಿಮ, ಆಕೃತಿಮಾಗಳ ವ್ಯಾಖ್ಯೆ ಅಚ್ಚು ಹಾಕಿದ ಪುಸ್ತಕ. ‘ಸ್ವನಿಮ ಎಂದರೇನು? ಸೋದಾಹರಣವಾಗಿ ವಿವರಿಸಿ’ ಎಂಬ ಪ್ರಶ್ನೆ. ಉದಾಹರಣೆಯೂ ಪುಸ್ತಕದ್ದೇ ಆಗಿರಬೇಕು. ತನ್ನ ಕಿವಿಗೆ ಬಿದ್ದದ್ದನ್ನು ಬರೆದರೆ ಮೌಲ್ಯಮಾಪಕರು ಅಂಕ ಕೊಡುತ್ತಾರೋ ಇಲ್ಲವೋ ಎಂಬ ಭಯ. ನಿಯೋಜಿತ ಬರಹ ಎಂದರೆ ಆ ಪುಸ್ತಕದ ಪುಟಗಳನ್ನು ಬಿಳಿ ಹಾಳೆಗೆ ಇಳಿಸುವುದು. ಕೇಳುವುದಕ್ಕೆ ಒಂದು ಧ್ವನಿಮುದ್ರಿಕೆ ಇಲ್ಲ, ಯಾರ ಮಾತನ್ನಾದರೂ ದಾಖಲಿಸಿ ತಾ ಎಂಬ ಅಪ್ಪಣೆ ಇಲ್ಲ. ಜೇಬಿನಲ್ಲಿರುವ ಮೊಬೈಲೇ ಇವತ್ತು ಧ್ವನಿಮುದ್ರಣ ಯಂತ್ರ. ಉಲಿಯ ಅಲೆಗಳನ್ನು ಅಳೆದು ತೋರಿಸುವ ‘ಪ್ರಾಟ್’ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಇಷ್ಟಿದ್ದೂ ಮಾತಿನ ಶಾಸ್ತ್ರವನ್ನು ಮಾತು ಕೇಳಿಸಿಕೊಳ್ಳದೆ ಕಲಿಸುತ್ತಿದ್ದೇವೆ. ಹೀಗೆ ಕಲಿಸಿ, ದೂರಶಿಕ್ಷಣದವರಿಗೆ ಏನೂ ಬರುವುದಿಲ್ಲ ಎನ್ನುವುದು ಅನ್ಯಾಯ. ತರಗತಿಯಲ್ಲಿ ಕೂತವರಿಗೂ ಬಹಳ ಕಡೆ ಕಲಿಸುತ್ತಿರುವುದು ಇದನ್ನೇ.

ತರಗತಿಯ ಪರ ಹೇಳುವವರ ಒಂದು ಮಾತು ಮಾತ್ರ ನಿಜವಾಗಿಯೂ ಗಟ್ಟಿ. ಕಿವಿ ಪಳಗಬೇಕಾದರೆ ಗುರು ಎದುರಿಗಿರಬೇಕು. ‘ಹ್ಯಾಂಗ’ ಎಂಬುದರ ಸ್ವರ ನಾಲಗೆಯ ಯಾವ ಎತ್ತರದಲ್ಲಿ ಹುಟ್ಟುತ್ತದೆ, ಲಂಬಾಣಿಯ ಯಾವ ಉಲಿಗೆ ಕನ್ನಡ ಲಿಪಿ ಸಾಲದು ಎಂಬುದನ್ನು ಪುಸ್ತಕ ಓದಿ ತಿಳಿಯಲಾಗದು. ಹೇಳಿಸಿ, ಕೇಳಿಸಿ, ಬರೆಸಿ, ತಿದ್ದಿ ಕಲಿಸಬೇಕು. ಆದರೆ ಇದಕ್ಕೆ ಎರಡು ವರ್ಷದ ಹಾಸ್ಟೆಲ್ ಬೇಕಿಲ್ಲ. ಈ ದೇಶದಲ್ಲಿ ಆಧುನಿಕ ಭಾಷಾವಿಜ್ಞಾನ ಹರಡಿದ್ದಾದರೂ ಹೇಗೆ? 1950ರ ದಶಕದಲ್ಲಿ ಡೆಕ್ಕನ್ ಕಾಲೇಜು ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ ನಡೆಸಿದ ಬೇಸಿಗೆ ಶಾಲೆಗಳಿಂದ. ಬೇರೆ ಬೇರೆ ರಾಜ್ಯಗಳ ಭಾಷಾ ಅಧ್ಯಾಪಕರು ರಜೆಯಲ್ಲಿ ಬಂದು ಕೆಲವು ವಾರ ಕಲಿತು ತಮ್ಮ ತಮ್ಮ ಊರಿಗೆ ಮರಳುತ್ತಿದ್ದರು. ಅಂದರೆ ಈ ಶಾಸ್ತ್ರ ನಮ್ಮಲ್ಲಿ ಬೇರು ಬಿಟ್ಟದ್ದೇ ಕೆಲಸದಲ್ಲಿದ್ದವರ ಬಿಡುವಿನಲ್ಲಿ. ಅದನ್ನು ಇವತ್ತು ಪೂರ್ಣಾವಧಿಯವರ ಸ್ವತ್ತು ಎನ್ನುವವರು ಆ ಚರಿತ್ರೆಯನ್ನೊಮ್ಮೆ ನೋಡಬೇಕು.

ಇಂಗ್ಲಿಷ್ ಗಟ್ಟಿಯಿಲ್ಲದವರಿಗೆ ಭಾಷಾವಿಜ್ಞಾನ ಕಷ್ಟ ಎಂಬ ಮಾತಿಗೆ ಡಿ.ಎನ್. ಶಂಕರ ಭಟ್ಟರೇ ಉತ್ತರ. ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂಬ ದೊಡ್ಡ ವಾದವನ್ನು ಅವರು ಕನ್ನಡದಲ್ಲೇ ಮಂಡಿಸಿದರು. ಕೆ.ವಿ. ನಾರಾಯಣ ಅವರ ‘ನುಡಿಗಳ ಅಳಿವು’ ಕೃತಿಗೆ 2024ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಓದಲು ಕನ್ನಡದಲ್ಲಿ ಏನೂ ಇಲ್ಲ ಎನ್ನುವ ಹಾಗಿಲ್ಲ.

ನನ್ನನ್ನು ನೋಯಿಸುವ ಮಾತು ಇನ್ನೊಂದಿದೆ. 2011ರ ಜನಗಣತಿಯಂತೆ ಜಿಲ್ಲೆಯ ಸಾಕ್ಷರತೆ ಶೇ. 59.56. ‘ಅಕ್ಷರ ಕಲಿಸೋದೇ ಆಗಿಲ್ಲ, ಇನ್ನು ಭಾಷಾವಿಜ್ಞಾನ ಯಾಕ್ರೀ?’ ಎನ್ನುತ್ತಾರೆ. ಅಕ್ಷರ ಕಲಿಸುವುದಕ್ಕೇ ಬೇಕು. ಮನೆಯಲ್ಲಿ ಲಂಬಾಣಿ, ಓಣಿಯಲ್ಲಿ ರಾಯಚೂರಿನ ಕನ್ನಡ, ಪುಸ್ತಕದಲ್ಲಿ ಇನ್ನೊಂದೇ ಕನ್ನಡ: ಮೂರನ್ನೂ ಒಂದೇ ವರ್ಷದಲ್ಲಿ ದಾಟಬೇಕಾದ ಮಗುವಿಗೆ ಕೆಂಪು ಗೆರೆಯೊಂದೇ ಸ್ವಾಗತವಾದರೆ ಅದು ಶಾಲೆಗೆ ಏಕೆ ಬರಬೇಕು? ‘ಆನಿ’ಗೂ ‘ಬರ್ತಾನ’ಕ್ಕೂ ಇರುವ ನಿಯಮವನ್ನು ಬಲ್ಲ ಶಿಕ್ಷಕಿ ಮಗುವಿನ ತಪ್ಪನ್ನು ಗುಂಪು ಮಾಡಿ ನೋಡುತ್ತಾಳೆ; ನಿನ್ನ ಮಾತು ಹೀಗೆ, ಪುಸ್ತಕದ ಬರಹ ಹೀಗೆ ಎಂದು ಎರಡನ್ನೂ ಎದುರಿಗಿಟ್ಟು ದಾಟಿಸುತ್ತಾಳೆ. ಕೆಲಸದ ಮಾತನ್ನೂ ಆಡುವುದಾದರೆ, ಯುಜಿಸಿ ನೆಟ್‌ನಲ್ಲಿ ಭಾಷಾವಿಜ್ಞಾನ ಪ್ರತ್ಯೇಕ ವಿಷಯ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದಿಂದ ಹಿಡಿದು ಕೇಂದ್ರದ ‘ಭಾಷಿಣಿ’, ಭಾರತೀಯ ವಿಜ್ಞಾನ ಸಂಸ್ಥೆಯ ‘ವಾಣಿ’ ಯೋಜನೆಗಳವರೆಗೆ ಆಡುಮಾತನ್ನು ದಾಖಲಿಸಿ ಬರಹಕ್ಕಿಳಿಸುವ ಕೆಲಸ ಈಗ ನಡೆದಿದೆ. ರಾಯಚೂರಿನ ಮಾತನ್ನು ರಾಯಚೂರಿನವರಷ್ಟು ನಿಖರವಾಗಿ ಬರಹಕ್ಕಿಳಿಸುವವರು ಎಲ್ಲಿ ಸಿಗುತ್ತಾರೆ?

ಹಾಗಾದರೆ ಆಗಬೇಕಾದದ್ದೇನು? ಎಂ.ಎ.ಯ ಕಾಲುಭಾಗ ಅಂಕ ಕ್ಷೇತ್ರಕಾರ್ಯಕ್ಕೆ ಹೋಗಲಿ. ಪ್ರತಿ ವಿದ್ಯಾರ್ಥಿಯೂ ತನ್ನ ಊರಿನ ಒಬ್ಬ ಹಿರಿಯರ, ಒಂದು ಮಗುವಿನ ಮಾತನ್ನು ಅವರ ಒಪ್ಪಿಗೆ ಪಡೆದು ದಾಖಲಿಸಿ, ಬರೆದು, ವಿಶ್ಲೇಷಿಸಿ ಕೊಡಲಿ. ಓದು ಎರಡು ವರ್ಷಕ್ಕೇ ಮುಗಿಯಬೇಕೆಂಬ ಹಟ ಬೇಡ. ಹೆರಿಗೆ, ಚುನಾವಣಾ ಕೆಲಸ, ಬೆಳೆಯ ಸುಗ್ಗಿ ಎಲ್ಲಕ್ಕೂ ಜಾಗ ಇರಲಿ. ಕಿವಿ ಪಳಗಿಸುವ ತರಗತಿಗಳನ್ನು ಯರಗೇರಾದಲ್ಲಿರುವ ವಿಶ್ವವಿದ್ಯಾಲಯದ ಆವರಣದಲ್ಲೇ ನಡೆಸಬಹುದು. ಬೇಸಿಗೆಯಲ್ಲಿ ಮಾತ್ರ ಬೇಡ, ಮೇ ತಿಂಗಳ ರಾಯಚೂರಿನ ಬಿಸಿಲಿನಲ್ಲಿ ಯಾರೂ ಏನನ್ನೂ ಕಲಿಯಲಾರರು. ದಸರಾ ರಜೆ ಇದೆಯಲ್ಲ. ಆಗ ಶಿಕ್ಷಕರಿಗೂ ಬಿಡುವು. ಬೆಳಿಗ್ಗೆ ಮಾನ್ವಿಯಿಂದ, ದೇವದುರ್ಗದಿಂದ ಬಸ್ ಹತ್ತಿದವರು ಸಂಜೆ ಮನೆ ಸೇರಬಹುದು.