ಯಂತ್ರದ ಸ್ವಯಂಸಾಕ್ಷ್ಯ: ಮಳೆಯ ದಾಖಲೆಯಲ್ಲಿ ಸೊನ್ನೆಯೂ ಮೌನವೂ

ಚರಿತ್ರೆಯ ಅಭ್ಯಾಸಿಯು ಯಾವ ಆಧಾರವನ್ನೇ ಆಗಲಿ ಅಂಗೀಕರಿಸುವ ಮೊದಲು ಎರಡು ಪ್ರಶ್ನೆಗಳನ್ನು ಕೇಳತಕ್ಕದ್ದು. ಈ ಸಾಕ್ಷಿ ಏನನ್ನು ಹೇಳುತ್ತದೆ ಎಂಬುದು ಮೊದಲನೆಯದು; ಹೇಳಬಲ್ಲ ಸ್ಥಿತಿಯಲ್ಲಿ ಅದು ಆಗ ಇದ್ದಿತೇ ಎಂಬುದು ಎರಡನೆಯದು. ಶಾಸನಗಳ ಮತ್ತು ಕಡತಗಳ ವಿಷಯದಲ್ಲಿ ನಾವು ಎರಡನೆಯ ಪ್ರಶ್ನೆಯನ್ನು ಮರೆಯುವುದಿಲ್ಲ. ಯಂತ್ರವು ಬರೆದಿಟ್ಟ ಅಂಕೆಗಳು ಎದುರಿಗೆ ಬಂದಾಗ ಮಾತ್ರ ಅದನ್ನು ಕೈಬಿಡುತ್ತೇವೆ. ನಿಗಾ ಇಡುವ ಯಂತ್ರಗಳು ತಮ್ಮ ಆರೋಗ್ಯವನ್ನು ಕುರಿತು ತಾವೇ ನೀಡುವ ಎಚ್ಚರಿಕೆಗಳಿಗೆ ಆಧಾರವಾಗಿ ಎಷ್ಟು ಬೆಲೆಯಿದೆ ಎಂಬುದನ್ನು ಕೊಡಗಿನ ಮಳೆಯ ದಾಖಲೆಯನ್ನು ಮುಂದಿಟ್ಟುಕೊಂಡು ವಿವೇಚಿಸುವುದು ಈ ಲೇಖನದ ಉದ್ದೇಶ.

ಬರಗಾಲದ ಮೇಲೆ ನಿಗಾ ಇಡಲೆಂದು ೧೯೮೮ರಲ್ಲಿ ಸ್ಥಾಪಿತವಾದ ಘಟಕವೇ ಮುಂದೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ ಬೆಳೆಯಿತು. ಈ ಕೇಂದ್ರವು ಗ್ರಾಮ ಪಂಚಾಯಿತಿಯ ಮಟ್ಟದವರೆಗೂ ದೂರಸಂವೇದಿ ಮಳೆಮಾಪಕಗಳನ್ನು ನೆಟ್ಟಿದೆ. ಸೂರ್ಯನ ಬೆಳಕಿನಿಂದ ಶಕ್ತಿ ಪಡೆಯುವ ಈ ಮಾಪಕಗಳು ಹದಿನೈದು ನಿಮಿಷಗಳಿಗೊಮ್ಮೆ ಮೊಬೈಲ್ ಜಾಲದ ಮೂಲಕ ಬೆಂಗಳೂರಿಗೆ ಲೆಕ್ಕ ಒಪ್ಪಿಸುತ್ತವೆ. ಏರ್ಪಾಡು ಶ್ಲಾಘ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕೊಡಗಿನ ಮಳೆಗಾಲದಲ್ಲಿ ಸೂರ್ಯನು ದಿನಗಟ್ಟಲೆ ಕಾಣಿಸಿಕೊಳ್ಳುವುದಿಲ್ಲ. ಮರ ಬಿದ್ದು ವಿದ್ಯುತ್ತು ಹೋಗುತ್ತದೆ. ವಿದ್ಯುತ್ತಿನ ಹಿಂದೆಯೇ ಮೊಬೈಲ್ ಗೋಪುರವೂ ಮೂಕವಾಗುತ್ತದೆ. ೨೦೧೮ರ ಆಗಸ್ಟ್ ತಿಂಗಳ ನಡುವೆ ಮಕ್ಕಂದೂರು, ಮೊಣ್ಣಂಗೇರಿ, ಜೋಡುಪಾಲಗಳ ಕಡೆ ಗುಡ್ಡಗಳು ಕುಸಿದು ಮಡಿಕೇರಿ-ಮಂಗಳೂರು ರಸ್ತೆ ಕಡಿದುಹೋದಾಗ ಅನೇಕ ಊರುಗಳು ಹೊರಜಗತ್ತಿನ ಸಂಪರ್ಕವನ್ನೇ ಕಳೆದುಕೊಂಡವು. ಮಳೆಯ ವಾರ್ತೆಯನ್ನು ಒಯ್ಯುವ ಜಾಲವು ಮಳೆಗೇ ಮೊದಲು ತುತ್ತಾಗುವ ನಾಡು ಇದು.

ಇಂತಹ ದಿನಗಳಲ್ಲಿ ಮಾಪಕವೊಂದು ವರದಿ ಕಳುಹಿಸದೆ ಉಳಿಯಿತೆಂದು ಭಾವಿಸೋಣ. ಆ ಬರಿದಾದ ಮನೆಯಲ್ಲಿ ಯಾರಾದರೂ ಸೊನ್ನೆಯನ್ನು ತುಂಬಿದರೆ, ಅಥವಾ ಬರಿದಾಗಿಯೇ ಬಿಟ್ಟು ಒಟ್ಟು ಮೊತ್ತವನ್ನು ಕೂಡಿದರೆ, ಅತಿ ಹೆಚ್ಚು ಮಳೆ ಬಿದ್ದ ಊರು ಕಡಿಮೆ ಮಳೆಯ ಊರಾಗಿ ತೋರುತ್ತದೆ. ಮಳೆಯಿಲ್ಲದಿರುವುದು ಒಂದು ಸಂಗತಿ, ಮಳೆಯ ಸುದ್ದಿಯಿಲ್ಲದಿರುವುದು ಇನ್ನೊಂದು. ೧೮೮೬ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಮೊದಲನೆಯ ಸಂಪುಟವಾಗಿ ಲೂಯಿ ರೈಸ್ ಅವರು ಪ್ರಕಟಿಸಿದುದು ಕೊಡಗಿನ ಶಾಸನಗಳನ್ನೇ ಎಂಬುದು ವಾಚಕರಿಗೆ ತಿಳಿದೇ ಇದೆ. ಶಾಸನ ಸಂಪಾದಕರು ಸವೆದುಹೋದ ಅಕ್ಷರಗಳ ಸ್ಥಳದಲ್ಲಿ ಚುಕ್ಕಿಗಳನ್ನಿಟ್ಟು ‘ಇಲ್ಲಿ ತ್ರುಟಿತವಾಗಿದೆ’ ಎಂದು ಸೂಚಿಸುವರು. ಕಲ್ಲು ಸವೆದ ಕಡೆ ಬರೆದವನು ಸುಮ್ಮನಿದ್ದನೆಂದು ಯಾರೂ ಹೇಳುವುದಿಲ್ಲ. ಅಂಕೆಗಳ ವಿಷಯದಲ್ಲಿಯೂ ಇದೇ ಶಿಸ್ತು ಅವಶ್ಯಕ.

ಗಣಕಗಳ ನಿಗಾ ವ್ಯವಸ್ಥೆಯನ್ನು ರೂಪಿಸಿದವರು ಈ ಭೇದವನ್ನು ಚೆನ್ನಾಗಿ ಗ್ರಹಿಸಿದ್ದಾರೆ. ೨೦೧೨ರಲ್ಲಿ ಆರಂಭವಾದ ‘ಪ್ರೊಮೀಥಿಯಸ್’ ಎಂಬ ಉಪಕರಣವನ್ನು ನೋಡಬಹುದು. ಅದು ತಾನು ವಿಚಾರಿಸುವ ಪ್ರತಿಯೊಂದು ಯಂತ್ರದಿಂದ ಉತ್ತರ ಬಂದರೆ ಒಂದು, ಬಾರದಿದ್ದರೆ ಸೊನ್ನೆ ಎಂದು ಪ್ರತ್ಯೇಕವಾಗಿ ಗುರುತಿಸುತ್ತದೆ. ಉತ್ತರದ ವಿಷಯ ಬೇರೆ, ಉತ್ತರ ಬಂದಿತೆಂಬ ಸಂಗತಿ ಬೇರೆ. ನಿಗಾ ಇಡುವ ಉಪಕರಣವೇ ಕೆಟ್ಟರೆ ಏನು ಗತಿ ಎಂಬ ಪ್ರಶ್ನೆಗೆ ಅದರ ಬಳಕೆದಾರರು ಕಂಡುಕೊಂಡ ಉಪಾಯವೂ ಗಮನಾರ್ಹ. ‘ವಾಚ್‌ಡಾಗ್’ ಎಂಬ ಎಚ್ಚರಿಕೆಯೊಂದನ್ನು ಸದಾಕಾಲವೂ ಮೊಳಗುತ್ತಿರುವಂತೆ ಏರ್ಪಡಿಸಿ, ಹೊರಗಿನ ಮತ್ತೊಂದು ಯಂತ್ರವು ಅದನ್ನು ಕೇಳುತ್ತಿರುವಂತೆ ಮಾಡುವರು. ಅದು ನಿಂತ ಕ್ಷಣವೇ ಅಪಾಯದ ಕ್ಷಣ. ಖಜಾನೆಯ ಪಹರೆಯವನು ಗಂಟೆಗೊಮ್ಮೆ ಗಂಟೆ ಬಾರಿಸುತ್ತಿದ್ದುದರ ಅರ್ಥವೂ ಇದೇ ಅಲ್ಲವೇ? ವೇಳೆಯನ್ನು ತಿಳಿಸುವುದರ ಜೊತೆಗೆ ತಾನು ಎಚ್ಚರವಾಗಿದ್ದೇನೆಂಬುದನ್ನೂ ಅವನು ತಿಳಿಸುತ್ತಿದ್ದನು.

ಆದರೂ ಈ ಸ್ವಯಂಸಾಕ್ಷ್ಯವನ್ನು ಸಂಪೂರ್ಣವಾಗಿ ನಂಬುವುದು ಯುಕ್ತವಲ್ಲ. ಯಂತ್ರವು ತನಗೆ ಕಲಿಸಿದ ರೋಗಗಳನ್ನು ಮಾತ್ರ ಬಲ್ಲದು. ಸ್ವಯಂಚಾಲಿತ ಮಳೆಮಾಪಕಗಳ ಒಂದು ಸಾಮಾನ್ಯ ಬಗೆಯಲ್ಲಿ, ಮೇಲಿನ ಆಲಿಕೆಯಿಂದ ಇಳಿದ ನೀರು ಪುಟ್ಟ ಬಟ್ಟಲನ್ನು ತುಂಬಿ ಮಗುಚುತ್ತದೆ. ಮಗುಚಿದ ಸಲಗಳ ಎಣಿಕೆಯೇ ಮಳೆಯ ಲೆಕ್ಕ. ಆಲಿಕೆಯ ಬಾಯಿಗೆ ಒಂದು ಎಲೆ ಕಚ್ಚಿಕೊಂಡರೆ ಬಟ್ಟಲು ಮಗುಚದು. ಆಗ ಬ್ಯಾಟರಿ ಸರಿಯಾಗಿರುತ್ತದೆ, ಜಾಲ ಸರಿಯಾಗಿರುತ್ತದೆ, ವರದಿ ಹೊತ್ತಿಗೆ ಸರಿಯಾಗಿ ತಲಪುತ್ತದೆ. ಮಳೆ ಮಾತ್ರ ಸೊನ್ನೆ. ‘ನಾನು ಕ್ಷೇಮ’ ಎಂದು ಹೇಳುತ್ತಲೇ ಸುಳ್ಳು ಹೇಳುವ ಸಾಕ್ಷಿ ಇದು. ಮೌನಕ್ಕಿಂತ ಇದು ಹೆಚ್ಚು ಅಪಾಯಕರ, ಏಕೆಂದರೆ ಮೌನವು ಸಂಶಯವನ್ನಾದರೂ ಹುಟ್ಟಿಸುತ್ತದೆ.

ಇದಕ್ಕೆ ಪರಿಹಾರ ಎರಡನೆಯ ಸಾಕ್ಷಿಯೇ ಹೊರತು ಬೇರಿಲ್ಲ. ಈ ವಿಷಯದಲ್ಲಿ ಕೊಡಗು ಭಾಗ್ಯಶಾಲಿ. ಇಲ್ಲಿನ ಕಾಫಿ ತೋಟಗಳಲ್ಲಿ ಮಳೆಯನ್ನು ಅಳೆದು ಪುಸ್ತಕದಲ್ಲಿ ಬರೆದಿಡುವ ಪದ್ಧತಿ ತಲೆಮಾರುಗಳಿಂದ ನಡೆದುಬಂದಿದೆ. ಹೂಮಳೆ ಬಿದ್ದ ದಿನವೂ ಪ್ರಮಾಣವೂ ಬೆಳೆಗಾರನಿಗೆ ಬದುಕಿನ ಪ್ರಶ್ನೆಯಾದುದರಿಂದ ಅವನು ಅಳತೆಯಲ್ಲಿ ಉದಾಸೀನನಾಗಲಾರ. ಅವನ ಲೆಕ್ಕ ಇಂಚು ಮತ್ತು ಸೆಂಟುಗಳಲ್ಲಿ. ನೂರು ಸೆಂಟಿಗೆ ಒಂದು ಇಂಚು, ಎಂದರೆ ೨೫.೪ ಮಿಲಿಮೀಟರು. ಅಳೆದ ಹೊತ್ತನ್ನೂ ಸ್ಥಳವನ್ನೂ ಗಮನಿಸಿಕೊಂಡು ಹೋಲಿಸಿದರೆ, ಸುತ್ತಲಿನ ತೋಟಗಳೆಲ್ಲ ಐದಾರು ಇಂಚು ಬರೆದ ದಿನ ಯಂತ್ರವು ಬರೆದ ಸೊನ್ನೆಯ ನಿಜಸ್ವರೂಪ ತಾನಾಗಿಯೇ ಬಯಲಾಗುತ್ತದೆ.

ಆದುದರಿಂದ ನಮ್ಮ ಅಭಿಪ್ರಾಯವಿಷ್ಟು: ವರದಿ ಬಾರದ ಹೊತ್ತನ್ನು ಸೊನ್ನೆಯಿಂದ ಬೇರೆಯಾದ ಗುರುತಿನಿಂದಲೇ ತೋರಿಸಬೇಕು, ಯಂತ್ರದ ಆರೋಗ್ಯಸೂಚನೆಗಳನ್ನು ದುರಸ್ತಿಯಾದೊಡನೆ ಅಳಿಸದೆ ಮಳೆಯ ಅಂಕೆಗಳ ಜೊತೆಯಲ್ಲಿಯೇ ಕಾಪಾಡಬೇಕು, ತೋಟಗಳ ಮಳೆಪುಸ್ತಕಗಳು ಗೆದ್ದಲ ಪಾಲಾಗುವ ಮೊದಲು ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ಅವುಗಳ ಪ್ರತಿಮಾಡಬೇಕು. ಇದು ಮುಂದಿನ ಚರಿತ್ರಕಾರನ ಅನುಕೂಲಕ್ಕಾಗಿ ಮಾತ್ರ ಹೇಳಿದ ಮಾತಲ್ಲ. ಗುಡ್ಡದ ಬುಡದಲ್ಲಿ ವಾಸಿಸುವವರನ್ನು ಒಂದು ರಾತ್ರಿ ಮನೆ ಬಿಡಿಸಬೇಕೇ ಬೇಡವೇ ಎಂಬುದನ್ನು ಅಧಿಕಾರಿಯು ಈ ಅಂಕೆಗಳನ್ನು ನೋಡಿಯೇ ನಿರ್ಧರಿಸಬೇಕಾಗುತ್ತದೆ. ಸೊನ್ನೆಯನ್ನು ಕಂಡವನು ನಿಶ್ಚಿಂತನಾಗುತ್ತಾನೆ. ಮಾಪಕ ಮೂಕವಾಗಿದೆಯೆಂದು ತಿಳಿದವನು ಆ ಊರನ್ನು ವಿಚಾರಿಸಲು ಆಳನ್ನು ಕಳುಹಿಸುತ್ತಾನೆ.