ಭಾಭಾರವರ ಭವಿಷ್ಯವಾಣಿಯೂ ಉಪಕರಣಗಳ ಸಾಕ್ಷ್ಯವೂ

೧೯೫೫ರ ಆಗಸ್ಟ್ ತಿಂಗಳಲ್ಲಿ ಜಿನೀವಾದಲ್ಲಿ ನೆರೆದ ಅಣುಶಕ್ತಿ ಸಮ್ಮೇಳನದ ಅಧ್ಯಕ್ಷಪೀಠದಿಂದ ಡಾ. ಹೋಮಿ ಭಾಭಾರವರು, ಬೈಜಿಕ ಸಮ್ಮಿಲನದ ಶಕ್ತಿಯನ್ನು ಹತೋಟಿಯಲ್ಲಿ ಪಡೆಯುವ ಮಾರ್ಗವು ಎರಡು ದಶಕಗಳೊಳಗೆ ದೊರೆಯುವುದೆಂದು ನುಡಿದರು. ೧೯೭೫ ಕಳೆಯಿತು, ಮಾತು ಫಲಿಸಲಿಲ್ಲ. ಹಿಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಶ್ವಕಿರಣಗಳನ್ನು ಅಭ್ಯಸಿಸಿದ ಈ ವಿಜ್ಞಾನಿಯ ಮಾತನ್ನು ಹುಸಿ ಭವಿಷ್ಯವೆಂದು ತಳ್ಳಿಹಾಕುವುದು ವಾಡಿಕೆ. ಆದರೆ ಈ ವಿಮರ್ಶೆಯು ವರ್ಷಗಳನ್ನು ಎಣಿಸುತ್ತದೆಯೇ ಹೊರತು ಸಾಕ್ಷ್ಯವನ್ನು ತೂಗುವುದಿಲ್ಲ.

ಅತ್ಯುಷ್ಣ ಪ್ಲಾಸ್ಮಾವನ್ನು ಕಾಂತಕ್ಷೇತ್ರದಲ್ಲಿ ಹಿಡಿದಿಡುವ ಕಷ್ಟದೊಡನೆ, ಹಿಡಿದಿಟ್ಟುದನ್ನು ಅರಿಯುವ ಕಷ್ಟವೂ ಇತ್ತು. ೧೯೫೮ರ ಜನವರಿಯಲ್ಲಿ ಇಂಗ್ಲೆಂಡಿನ ಹಾರ್ವೆಲ್ಲಿನವರು ‘ಝೀಟಾ’ ಯಂತ್ರದಲ್ಲಿ ಹೊಮ್ಮಿದ ನ್ಯೂಟ್ರಾನುಗಳನ್ನು ಸಮ್ಮಿಲನದ ಕುರುಹೆಂದು ಭಾವಿಸಿದರು. ನ್ಯೂಟ್ರಾನುಗಳು ನಿಜ, ಅವುಗಳ ಮೂಲ ಬೇರೆ. ಕೆಲವೇ ತಿಂಗಳಲ್ಲಿ ಆ ಹೇಳಿಕೆಯನ್ನು ಹಿಂತೆಗೆದುಕೊಳ್ಳಬೇಕಾಯಿತು. ಇದಕ್ಕೆ ವಿರುದ್ಧವಾದ ನಿದರ್ಶನವೂ ಉಂಟು. ೧೯೬೮ರಲ್ಲಿ ಸೋವಿಯತ್ ವಿಜ್ಞಾನಿಗಳು ತಮ್ಮ ‘ಟಿ-೩’ ಟೊಕಮಾಕಿನಲ್ಲಿ ಸುಮಾರು ಒಂದು ಕೋಟಿ ಡಿಗ್ರಿಯ ಉಷ್ಣತೆಯನ್ನು ವರದಿ ಮಾಡಿದಾಗ ಪಶ್ಚಿಮದವರು ಸಂಶಯಪಟ್ಟರು. ಮರುವರ್ಷ ಬ್ರಿಟನ್ನಿನ ಕಲ್ಹಮ್ಮಿನ ತಂಡವೊಂದು ಲೇಸರ್ ಉಪಕರಣದೊಡನೆ ಮಾಸ್ಕೋಗೆ ತೆರಳಿ, ಪ್ಲಾಸ್ಮಾದಲ್ಲಿ ಚದುರಿದ ಬೆಳಕಿನಿಂದ ಉಷ್ಣತೆಯನ್ನು ನೇರವಾಗಿ ಅಳೆದು ವರದಿಯನ್ನು ಸಮರ್ಥಿಸಿತು. ವಾದವನ್ನು ಮುಗಿಸಿದ್ದು ಸಿದ್ಧಾಂತವಲ್ಲ, ಸ್ವತಂತ್ರ ಮಾಪನ.

ಬಂಕಾಪುರದ ಕೋಟೆಯ ಶಾಸನಗಳನ್ನು ಅಭ್ಯಸಿಸುವವನು ಅಚ್ಚಾದ ಪಾಠವನ್ನಷ್ಟೇ ನಂಬದೆ ಶಿಲೆಯ ಪಡಿಯಚ್ಚನ್ನು ನೋಡುವುದೂ ಇದೇ ನ್ಯಾಯದಿಂದ. ಆದರೆ ಶಿಲೆ ಕಾಯುತ್ತದೆ, ಪ್ಲಾಸ್ಮಾ ಕಾಯದು. ಅದು ಕದಲಿದುದನ್ನು ಸುತ್ತಣ ಕಾಂತಸುರುಳಿಗಳು ಅರಿತು, ಗಣಕವು ಲೆಕ್ಕಹಾಕಿ, ಮಿಲಿಸೆಕೆಂಡುಗಳಲ್ಲಿ ವಿದ್ಯುತ್ ಪ್ರವಾಹವನ್ನು ತಿದ್ದಬೇಕು. ತಪ್ಪಿದರೆ ಪ್ಲಾಸ್ಮಾ ಗೋಡೆಗೆ ತಾಗಿ ನಂದುತ್ತದೆ. ಇಲ್ಲಿ ಅಳತೆಯೇ ಆಜ್ಞೆಯಾಗುತ್ತದೆ. ಗಾಂಧಿನಗರದ ಬಳಿ ೧೯೮೯ರಲ್ಲಿ ನಡೆಯತೊಡಗಿದ ‘ಆದಿತ್ಯ’, ೨೦೧೩ರಲ್ಲಿ ಮೊದಲ ಪ್ಲಾಸ್ಮಾ ಕಂಡ ‘ಎಸ್‌ಎಸ್‌ಟಿ-೧’ ಇವುಗಳ ಚರಿತ್ರೆಯನ್ನು ಈ ದೃಷ್ಟಿಯಿಂದ ಬರೆಯಬೇಕು. ಭಾರತವು ೨೦೦೫ರಲ್ಲಿ ಸೇರಿದ ‘ಈಟರ್’ ಯೋಜನೆಗೂ ಇದು ಸಲ್ಲುತ್ತದೆ.

ಅಳೆಯಲು ಬಾರದ ವಸ್ತುವಿಗೆ ಅವಧಿ ಕಟ್ಟಿದುದು ಭಾಭಾರವರ ಮಾತಿನ ದೋಷ. ಆ ಅವಧಿಯೊಂದನ್ನೇ ಹಿಡಿದು ತೀರ್ಪು ಕೊಡುವುದು ಚರಿತ್ರಕಾರನ ದೋಷ. ಮೊದಲನೆಯದನ್ನು ಕಾಲವೇ ತೋರಿಸಿಕೊಟ್ಟಿದೆ; ಎರಡನೆಯದನ್ನು ತಿದ್ದಿಕೊಳ್ಳುವ ಹೊಣೆ ನಮ್ಮದು.